ಮೊದಲು ಹುತ್ತ, ಆಮೇಲೆ ಹಾವು

ಮಗೂ, ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು: "ದೊಡ್ಡಪ್ಪ, ಕಾರ್ನ್ ಸ್ನೇಕ್ ಮರಿಯೊಂದನ್ನು ನೋಡಿಟ್ಟಿದ್ದೇನೆ, ಈ ಶನಿವಾರ ತರಲಾ?" ಬೇಡ ಅಂದೆ. ನಿನ್ನ ದನಿ ಇಳಿದುಹೋಯಿತು. ಹಾವೇ ಬೇಡ ಅಂತಲ್ಲ ಕಣೋ, ಈ ಶನಿವಾರ ಬೇಡ ಅಂತ. ಯಾಕೆ ಅನ್ನುವುದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗದೆ ಈಗ ಬರೆಯುತ್ತಿದ್ದೇನೆ.

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಅಂತ ನಮ್ಮ ಕಡೆ ಆಡಿಕೊಳ್ಳುತ್ತಾರಲ್ಲ, ಅದನ್ನು ನಾನು ಬೈಗುಳವಾಗಿ ಕೇಳಿಸಿಕೊಳ್ಳುವುದನ್ನು ಬಿಟ್ಟು ಬಹಳ ವರ್ಷಗಳಾದವು. ಹಾವಿಗೆ ಮನೆ ಕಟ್ಟಲು ಬರುವುದಿಲ್ಲ, ಆರಿಸಿಕೊಳ್ಳಲು ಮಾತ್ರ ಬರುತ್ತದೆ. ಹುತ್ತದಲ್ಲಿ ಅದು ಆರಿಸಿಕೊಳ್ಳುವುದೇನು? ಕತ್ತಲು. ಮೈಯ ಎರಡೂ ಬದಿಗೆ ತಾಗುವ ಗೋಡೆ. ಬೆಚ್ಚಗಿರಬೇಕೆನಿಸಿದರೆ ಒಂದು ಕಡೆ, ತಣ್ಣಗಿರಬೇಕೆನಿಸಿದರೆ ಇನ್ನೊಂದು ಕಡೆ. ಸ್ವಲ್ಪ ತೇವ. ಇಷ್ಟನ್ನೂ ಗಾಜಿನ ಪೆಟ್ಟಿಗೆಯೊಳಗೆ ಕೊಡಬೇಕಾದವನು ನೀನು. ಆ ಪೆಟ್ಟಿಗೆ ನೀನು ನೋಡುವುದಕ್ಕಲ್ಲ, ಅದು ಅಡಗುವುದಕ್ಕೆ. ಇದೊಂದು ಮನಸ್ಸಿಗೆ ಇಳಿದರೆ ಮಿಕ್ಕಿದ್ದೆಲ್ಲ ತಾನಾಗಿ ತಿಳಿಯುತ್ತದೆ.

ಕಾರ್ನ್ ಸ್ನೇಕ್ ಅಂದರೆ ಅಮೆರಿಕದ ಆಗ್ನೇಯ ಭಾಗದ ಹಾವು. ನ್ಯೂಜೆರ್ಸಿಯಿಂದ ಕೆಳಗೆ ಫ್ಲಾರಿಡಾದವರೆಗೆ ಅದರ ನೆಲ. ಇಂಗ್ಲಿಷಿನಲ್ಲಿ ಅದಕ್ಕೆ ರೆಡ್ ರ‍್ಯಾಟ್ ಸ್ನೇಕ್ ಅನ್ನುವ ಹೆಸರೂ ಇದೆ. ನಮ್ಮ ಕೇರೆಹಾವು ಹೇಗೋ ಹಾಗೆ: ವಿಷವಿಲ್ಲ, ಇಲಿ ಇರುವಲ್ಲಿಗೆ ಬರುತ್ತದೆ, ರೈತನಿಗೆ ಉಪಕಾರಿ. ಜೋಳದ ಕಣಜಗಳ ಹತ್ತಿರ ಕಾಣುತ್ತಿದ್ದುದಕ್ಕೆ ಆ ಹೆಸರು ಅನ್ನುತ್ತಾರೆ. ಹೊಟ್ಟೆಯ ಕಪ್ಪು ಬಿಳಿ ಚೌಕಗಳು ಬಣ್ಣದ ಮೆಕ್ಕೆಜೋಳದ ಕಾಳಿನಂತೆ ಕಾಣುವುದಕ್ಕೆ ಅಂತಲೂ ಹೇಳುತ್ತಾರೆ. ಮರಿ ಗೇಣುದ್ದವೋ ಇನ್ನು ಸ್ವಲ್ಪವೋ ಇರುತ್ತದೆ, ಬೆಳೆದಾಗ ಸಾಮಾನ್ಯವಾಗಿ ಮೂರರಿಂದ ಐದು ಅಡಿ. ಅದಕ್ಕೇ ಕೊನೆಗೆ ಬೇಕಾಗುವುದು ಕಡಿಮೆಯೆಂದರೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪೆಟ್ಟಿಗೆ. ಹಾವು ಮೈ ನೀಡಿ ಮಲಗುವಷ್ಟು ಉದ್ದ ಬೇಕೇಬೇಕು. ಮರಿಯನ್ನು ಮೊದಲೇ ಅಷ್ಟು ದೊಡ್ಡದರಲ್ಲಿ ಬಿಡಬಹುದು, ಆದರೆ ಬಯಲು ಬಯಲಾಗಿ ಅಲ್ಲ. ಎಲೆ, ಕೊಂಬೆ, ತೊಗಟೆ ತುಂಬಿ ಪೊದೆಯ ಹಾಗೆ ಮಾಡಿರಬೇಕು.

ಈಗ ಶಾಖದ ವಿಚಾರ. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು.

ಹದಿನೆಂಟು ವರ್ಷದ ಹಿಂದೆ ನನ್ನ ಮೊದಲ ಹಾವು ಕೆಂಪಿ ಮನೆಗೆ ಬಂದಾಗ, ಪೆಟ್ಟಿಗೆಯ ಅಡಿಗೆ ಅಂಟಿಸುವ ಹೀಟ್ ಮ್ಯಾಟನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಚುಚ್ಚಿಬಿಟ್ಟೆ. ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಬೇಕಿಲ್ಲ ಅಂತ ಅಂಗಡಿಯವನು ಅಂದ, ನಾನು ನಂಬಿದೆ. ಅಡಗುವುದಕ್ಕೆ ಒಂದೇ ಒಂದು ಗೂಡು ಇಟ್ಟಿದ್ದೆ, ಅದೂ ಬಿಸಿ ಬದಿಯಲ್ಲಿ. ಗಾಜು ಕಾದು ಸುಡುತ್ತಿತ್ತು. ಕೆಂಪಿ ಅಲ್ಲಿಂದ ಕದಲಲಿಲ್ಲ. ಆಚೆ ಬದಿ ತಂಪಾಗಿತ್ತು, ಆದರೆ ಅಲ್ಲಿ ಮರೆಯಿರಲಿಲ್ಲ. ಬಯಲಿಗೆ ಬರುವ ಭಯ ಅದಕ್ಕೆ ಸುಡುವ ನೆಲಕ್ಕಿಂತ ದೊಡ್ಡದಾಗಿತ್ತು. ನಾನು ಗಮನಿಸುವಷ್ಟರಲ್ಲಿ ಹೊಟ್ಟೆಯ ಹುರುಪೆಗಳು ಕಂದಿ ಬೊಬ್ಬೆ ಎದ್ದಿದ್ದವು. ಆರು ವಾರ ಮುಲಾಮು ಹಚ್ಚಿದೆವು. ಮೂರು ನಾಲ್ಕು ಸಲ ಪೊರೆ ಬಿಟ್ಟಮೇಲೂ ಆ ಕಲೆ ಪೂರ್ತಿ ಹೋಗಲಿಲ್ಲ. ಅದನ್ನು ಎತ್ತಿಕೊಂಡಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಹಾಗಾಗಿ ಥರ್ಮೋಸ್ಟಾಟ್ ಇಲ್ಲದೆ ಯಾವ ಶಾಖವನ್ನೂ ಹಚ್ಚಬೇಡ. ಮ್ಯಾಟನ್ನು ಪೆಟ್ಟಿಗೆಯ ಒಂದು ತುದಿಗೆ, ನೆಲದ ಮೂರನೇ ಒಂದು ಭಾಗಕ್ಕಷ್ಟೇ, ಹೊರಗಿನಿಂದ ಅಂಟಿಸು. ಥರ್ಮೋಸ್ಟಾಟಿನ ತಂತಿಯ ತುದಿ ಮ್ಯಾಟಿಗೂ ಗಾಜಿಗೂ ನಡುವೆ ಇರಲಿ. ಒಳಗಿಟ್ಟರೆ ಹಾವು ಅದನ್ನು ಎಳೆದುಹಾಕುತ್ತದೆ, ಆಗ ತಪ್ಪು ಶಾಖ ಓದಿ ಮ್ಯಾಟ್ ಕಾಯುತ್ತಲೇ ಹೋಗುತ್ತದೆ. ಪೆಟ್ಟಿಗೆಯ ಕೆಳಗೆ ಸಣ್ಣ ಕಾಲು ಕೊಟ್ಟು ಎತ್ತರಿಸು, ಗಾಳಿಯಾಡಲಿ. ಬಿಸಿ ಬದಿಯ ನೆಲ 85ರಿಂದ 88 ಡಿಗ್ರಿ ಫ್ಯಾರನ್‌ಹೀಟ್, ತಂಪು ಬದಿ 75ರ ಆಸುಪಾಸು. ಎರಡು ಬದಿಗೂ ಬೇರೆ ಬೇರೆ ಥರ್ಮಾಮೀಟರ್ ಬೇಕು. ಹೀಟ್ ರಾಕ್ ಅಂತ ಮಾರುವ ಬಿಸಿ ಕಲ್ಲನ್ನು ಪುಕ್ಕಟೆ ಕೊಟ್ಟರೂ ಬೇಡ. ಇನ್ನೊಂದು, ಪೆಟ್ಟಿಗೆಯ ಒಳಗೆ ಎಲ್ಲಿಯೂ ಅಂಟುವ ಟೇಪ್ ಹಾಕಬೇಡ. ಹಾವಿನ ಚರ್ಮ ಅದಕ್ಕೆ ಅಂಟಿಕೊಂಡರೆ ಬಿಡಿಸುವಾಗ ಚರ್ಮವೇ ಕಿತ್ತುಬರುತ್ತದೆ.

ಗೂಡುಗಳು ಕಡಿಮೆಯೆಂದರೆ ಎರಡು, ಬಿಸಿಯಲ್ಲೊಂದು, ತಂಪಿನಲ್ಲೊಂದು. ದೊಡ್ಡದಾಗಿದ್ದರೆ ಚೆನ್ನ ಅನ್ನಿಸುತ್ತದೆ, ಹಾಗಲ್ಲ. ಸುರುಳಿ ಸುತ್ತಿಕೊಂಡಾಗ ಬೆನ್ನಿಗೆ ತಾಗುವಷ್ಟು ಇಕ್ಕಟ್ಟು ಬೇಕು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಕ್ಕೆ ಬಾಗಿಲು ಕೊರೆದು ನುಣುಪು ಮಾಡಿದರೂ ನಡೆಯುತ್ತದೆ. ನಾವಿರುವ ಮಿಶಿಗನ್ನಿನ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆ ಒಣಗಿ ಹಪ್ಪಳವಾಗಿರುತ್ತದೆ, ಹಾವಿಗೆ ಬೇಕಾದದ್ದು ಸುಮಾರು 40ರಿಂದ 60 ಶೇಕಡ ತೇವಾಂಶ. ಒದ್ದೆ ಪಾಚಿ ತುಂಬಿದ ಮೂರನೆಯ ಡಬ್ಬ ಒಂದಿರಲಿ. ಕಣ್ಣು ನೀಲಿಯಾಗಿ ಮಂಜಾದರೆ ಪೊರೆ ಬಿಡುವ ಕಾಲ ಬಂತು ಅಂತ ತಿಳಿ. ಆಗ ಮುಟ್ಟಬೇಡ, ಪೊರೆ ಎಳೆಯಬೇಡ. ತೇವ ಸಾಕಷ್ಟಿದ್ದರೆ ಕಾಲುಚೀಲ ಕಳಚಿದ ಹಾಗೆ ಒಂದೇ ತುಂಡಾಗಿ ಬರುತ್ತದೆ.

ನೆಲಕ್ಕೆ ಹಾಸಲು ಆಸ್ಪೆನ್ ಮರದ ಹೊಟ್ಟು ಆಗುತ್ತದೆ. ನನಗೆ ತೆಂಗಿನ ಸಿಪ್ಪೆಯ ಪುಡಿಯೇ ಇಷ್ಟ. ಇಟ್ಟಿಗೆಯಂತೆ ಒತ್ತಿ ಮಾರುತ್ತಾರೆ, ನೀರು ಹಾಕಿದರೆ ಅರಳುತ್ತದೆ. ತಿಪಟೂರಿನಲ್ಲಿ ಸಿಪ್ಪೆಯ ರಾಶಿಗಳ ಮೇಲೆ ಆಡಿ ಬೆಳೆದ ನಿನಗೆ ಅದರ ವಾಸನೆ ಪರಿಚಿತವೇ. ತಂಪು ಬದಿಯಲ್ಲಿ ಮೂರು ನಾಲ್ಕು ಇಂಚು ಹಾಕು, ಅದು ಕೊರೆದುಕೊಂಡು ಒಳಗೆ ಹೋಗಲಿ. ಮ್ಯಾಟಿನ ಮೇಲೆ ಮಾತ್ರ ತೆಳುವಾಗಿರಲಿ, ಇಲ್ಲದಿದ್ದರೆ ಶಾಖ ಮೇಲೆ ಬರುವುದಿಲ್ಲ. ಸೀಡರ್ ಮರದ ಹೊಟ್ಟು ಮಾತ್ರ ಬೇಡವೇ ಬೇಡ, ಅದರ ಎಣ್ಣೆಯ ವಾಸನೆ ಹಾವಿಗೆ ವಿಷ. ಮುಚ್ಚಳಕ್ಕೆ ಚಿಲಕ ಬೇಕು. ಭಾರಕ್ಕೆ ಪುಸ್ತಕ ಹೇರಿದರೆ ಸಾಲದು. ತಲೆ ತೂರುವಷ್ಟು ಸಂದಿ ಇದ್ದರೆ ಮೈಯೂ ತೂರುತ್ತದೆ. ಒಂದು ಪೆಟ್ಟಿಗೆಗೆ ಒಂದೇ ಹಾವು. ಜೊತೆ ಬೇಕು ಅನ್ನುವ ಆಸೆ ನಮ್ಮದು, ಅದರದ್ದಲ್ಲ.

ಊಟದ ಮಾತು ನಿನ್ನ ರೂಮಿನವರ ಜೊತೆ ಮೊದಲೇ ಆಗಿರಲಿ. ನಾಗರ ಪಂಚಮಿಗೆ ಹಾಲೆರೆದು ಬೆಳೆದವರು ನಾವು, ಆದರೆ ಹಾಲು ಹಾವಿನ ಆಹಾರವಲ್ಲ. ಇದಕ್ಕೆ ಬೇಕಾದದ್ದು ಹೆಪ್ಪುಗಟ್ಟಿಸಿಟ್ಟು, ಕೊಡುವ ಮೊದಲು ಕರಗಿಸಿದ ಇಲಿ, ಮರಿಗೆ ವಾರಕ್ಕೊಂದು, ಅದರ ಮೈಯ ದಪ್ಪದ ಭಾಗದಷ್ಟೇ ದಪ್ಪನೆಯದು. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯ ಮಾಡಬಹುದು. ನಿನ್ನ ದೊಡ್ಡಮ್ಮ ಅಡುಗೆಮನೆಯ ಫ್ರಿಜ್ಜಿನಲ್ಲಿ ಅದನ್ನು ಇಡಲು ಬಿಡಲಿಲ್ಲ, ಅವಳದೇ ಸರಿ. ಗ್ಯಾರೇಜಿಗೆ ಸಣ್ಣದೊಂದು ಫ್ರಿಜ್ ತಂದೆವು. ನೀರಿನ ಬೋಗುಣಿಯನ್ನೂ ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡ. ಹಾವಿನ ಮೈಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಮುಟ್ಟಿದ ಪ್ರತಿಸಲವೂ ಸೋಪಿನಿಂದ ಕೈ ತೊಳಿ.

ಇನ್ನು, ಕೇಳಲು ನಿನಗೆ ಇಷ್ಟವಾಗದ ಮಾತು. ಚೆನ್ನಾಗಿ ನೋಡಿಕೊಂಡರೆ ಇದು 15ರಿಂದ 20 ವರ್ಷ ಬಾಳುತ್ತದೆ. ನಿನ್ನ ಓದು ಇನ್ನೆರಡು ವರ್ಷ. ಊರಿಗೆ ಮರಳುವ ಹಾಗಾದರೆ? ಸೂಟ್‌ಕೇಸಿನಲ್ಲಿಟ್ಟು ತರುವಂಥದ್ದಲ್ಲ ಇದು. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ 10 ಹಳದಿ ಅನಕೊಂಡ ತಂದವನನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಹಿಡಿದರು. ಇಲ್ಲಿಯೇ ಹೊರಗೆ ಬಿಟ್ಟುಬಿಡುವುದೂ ಪಾಪ, ಮಿಶಿಗನ್ನಿನ ಚಳಿ ಅದನ್ನು ಕೊಲ್ಲುತ್ತದೆ. ಬೆಚ್ಚಗಿನ ಫ್ಲಾರಿಡಾದಲ್ಲಿ ಸಾಕಿದವರ ಕೈಯಿಂದ ಕಾಡು ಸೇರಿದ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್‌ನ ಪ್ರಾಣಿಗಳನ್ನು ಬರಿದು ಮಾಡುತ್ತಿವೆ. ಮನೆ ಬಾಡಿಗೆಯ ಕರಾರು ಓದು, ಹಾವು ಸಾಕಲು ಒಪ್ಪಿಗೆಯಿದೆಯಾ ನೋಡು. ನೀನು ಹೊರಡಬೇಕಾದರೆ ಅದನ್ನು ನನ್ನ ಮನೆಗೆ ತಂದುಬಿಡು. ಕೆಂಪಿ ಹೋದ ವರ್ಷ ತೀರಿಕೊಂಡ ಮೇಲೆ ಅದರ ಪೆಟ್ಟಿಗೆ ಖಾಲಿಯೇ ಇದೆ.

ಮರಿ ಸಾಕಿದವರ ಮನೆಯಲ್ಲೇ ಹುಟ್ಟಿದ್ದಾಗಿರಲಿ, ಕಾಡಿನಿಂದ ಹಿಡಿದದ್ದು ಬೇಡ. ಮನೆಗೆ ಬಂದಮೇಲೆ ಒಂದು ವಾರ ನೀರು ಬದಲಿಸುವುದು ಬಿಟ್ಟರೆ ಕೈ ಹಾಕಬೇಡ. ಕಾಣಲೇ ಇಲ್ಲ ಅಂತ ಬೇಸರಪಡಬೇಡ, ಅಡಗಿದೆಯೆಂದರೆ ನೀನು ಕಟ್ಟಿದ ಹುತ್ತ ಅದಕ್ಕೆ ಒಪ್ಪಿಗೆಯಾಗಿದೆ.

ಈ ಶನಿವಾರ ಪೆಟ್ಟಿಗೆ ಮಾತ್ರ ತಾ. ಎಲ್ಲವನ್ನೂ ಜೋಡಿಸಿ, ಹಾವಿಲ್ಲದೆ ಏಳು ದಿನ ಓಡಿಸು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಎರಡೂ ಬದಿಯ ಶಾಖ ಬರೆದಿಟ್ಟು ನನಗೆ ಕಳಿಸು. ಅಂಕಿಗಳು ಏಳು ದಿನವೂ ನೆಟ್ಟಗಿದ್ದರೆ ಮುಂದಿನ ಭಾನುವಾರ ನಾನೇ ಕಾರು ತರುತ್ತೇನೆ, ಇಬ್ಬರೂ ಹೋಗಿ ಮರಿ ತರೋಣ.