ಎರೆ ಹೊಲದಲ್ಲಿ ಟ್ರ್ಯಾಕ್ಟರಿನ ಟೈರಿಗೆ ಎಷ್ಟು ಗಾಳಿ?

ಮಳೆ ಬಿದ್ದ ಎರೆ ಹೊಲದಲ್ಲಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗುವುದನ್ನು ಎಲ್ಲರೂ ಕಂಡಿದ್ದೇವೆ. ಇಂಜಿನ್ನಿಗೆ ಶಕ್ತಿ ಸಾಲದೆಂದು ಆಕ್ಸಿಲರೇಟರ್ ಒತ್ತಿದರೆ ಡೀಸೆಲ್ ದಂಡ, ಟೈರು ಸವೆತ. ಗಾಲಿಯೂ ಇನ್ನಷ್ಟು ಹೂತುಕೊಳ್ಳುತ್ತದೆ. ಅನೇಕ ವೇಳೆ ದೋಷವಿರುವುದು ಟೈರಿನ ಗಾಳಿಯಲ್ಲಿ. ರಸ್ತೆಯಲ್ಲಿ ಟ್ರೇಲರ್ ಎಳೆಯಲು ತುಂಬಿದ ಗಾಳಿಯಲ್ಲೇ ಹೊಲಕ್ಕಿಳಿಯುವುದು ನಮ್ಮ ರೂಢಿ.

ಗಾಳಿ ಇಳಿಸಿದ ಟೈರು ನೆಲದ ಮೇಲೆ ಉದ್ದಕ್ಕೆ ಹರಡಿ ಕೂರುತ್ತದೆ. ಆಗ ಹೆಚ್ಚು ಹಲ್ಲುಗಳು ಒಮ್ಮೆಗೇ ಮಣ್ಣನ್ನು ಹಿಡಿಯುತ್ತವೆ. ಮೇಲ್ಮಣ್ಣೂ ಅಷ್ಟಾಗಿ ಗಟ್ಟಿಯಾಗದು. ಹಿಂದಿನ ಟೈರುಗಳಿಗೆ ರಸ್ತೆಯ ಸಾಗಣೆಯಲ್ಲಿ ಚದರ ಅಂಗುಲಕ್ಕೆ 16 ಪೌಂಡು ಇದ್ದರೆ, ಹೊಲದ ಕೆಲಸಕ್ಕೆ ಸಾಮಾನ್ಯವಾಗಿ 12 ಪೌಂಡು ಸಾಕು. ಆದರೂ ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯ ಅಂಕಿಯೇ ಪ್ರಮಾಣ. ಬೆಳಿಗ್ಗೆ ಟೈರು ತಣ್ಣಗಿರುವಾಗ ಗೇಜಿನಿಂದಲೇ ಅಳೆಯಿರಿ; ಕಾಲಿನಿಂದ ಒದ್ದು ಹೇಳುವ ಲೆಕ್ಕ ಬೇಡ. ಕಾಲಿಗೆ ಮಣ್ಣು ಮೆತ್ತುವಷ್ಟು ಹಸಿಯಿದ್ದರಂತೂ ಹದ ಬರುವವರೆಗೆ ಕಾಯುವುದೇ ಲೇಸು.

ಇನ್ನೂ ಇಳಿಸಿದರೆ? ರಿಮ್ಮಿನ ಮೇಲೆ ಟೈರು ಜಾರಿ ಟ್ಯೂಬಿನ ವಾಲ್ವು ಕಿತ್ತುಹೋದೀತು. ಟೈರಿಗೂ ರಿಮ್ಮಿಗೂ ಸೇರಿಸಿ ಸುಣ್ಣದ ಒಂದೇ ಗೆರೆ ಎಳೆದಿಡಿ. ಗೆರೆ ಎರಡಾಗಿ ಸರಿದರೆ ಟೈರು ಜಾರುತ್ತಿದೆ, ಗಾಳಿ ಸಾಲದು. ಕಬ್ಬಿನ ಟ್ರೇಲರ್ ಕಟ್ಟಿ ರಸ್ತೆಗೆ ಬರುವ ಮುನ್ನ ಮತ್ತೆ ಗಾಳಿ ತುಂಬಿಸಲು ಮರೆಯಬಾರದು. ಇಲ್ಲವಾದರೆ ಟೈರು ಕಾದು ಪಕ್ಕೆ ಬಿರಿಯುತ್ತದೆ.