ಪರದೇಶದಲ್ಲಿ ತರುಣ ಗಾಂಧಿ

ಹುಟ್ಟಿದ ನಾಡಿನ ನಡೆನುಡಿಗಳನ್ನು ನಮಗೆ ಯಾರೂ ಪಾಠ ಹೇಳಿ ಕಲಿಸುವುದಿಲ್ಲ. ತಾಯಿಯ ಮಾತಿನೊಡನೆ ಅವು ತಾವಾಗಿಯೇ ಬರುತ್ತವೆ. ಪರದೇಶಕ್ಕೆ ಹೋಗಿ ನೆಲೆಸುವವನ ಪಾಡು ಬೇರೆ. ಅಲ್ಲಿ ಬರೆದಿಟ್ಟ ನಿಯಮಗಳುಂಟು. ಯಾರೂ ಬರೆದಿಡದಿದ್ದರೂ ಎಲ್ಲರೂ ಬಲ್ಲ ಶಿಷ್ಟಾಚಾರಗಳೂ ಉಂಟು. ಅವುಗಳಲ್ಲಿ ಯಾವುದನ್ನು ಕಲಿಯಬೇಕು, ತನ್ನದಾದ ಯಾವುದನ್ನು ಬಿಡಬಾರದು ಎಂಬುದನ್ನು ಅವನೇ ನಿರ್ಧರಿಸಿಕೊಳ್ಳಬೇಕು. ಗಾಂಧೀಜಿಯವರ ಲಂಡನ್ ವಾಸ ಇದಕ್ಕೊಂದು ಒಳ್ಳೆಯ ನಿದರ್ಶನ.

1888ರ ಸೆಪ್ಟೆಂಬರ್ 4ರಂದು ಅವರು ಮುಂಬಯಿಯಲ್ಲಿ ಹಡಗನ್ನೇರಿದರು. ಆಗ ಅವರಿಗೆ ಹತ್ತೊಂಬತ್ತು ವರ್ಷವೂ ತುಂಬಿರಲಿಲ್ಲ. ಕಡಲು ದಾಟುವುದಕ್ಕಾಗಿ ಜಾತಿಯವರು ಬಹಿಷ್ಕಾರ ಹಾಕಿದ್ದರು. ಮದ್ಯ, ಮಾಂಸ, ಪರಸ್ತ್ರೀಯರಿಂದ ದೂರವಿರುವೆನೆಂದು ತಾಯಿಗೆ ವಚನವಿತ್ತಿದ್ದರು. ಹಡಗಿನಲ್ಲಿ ಚಾಕು, ಮುಳ್ಳುಚಮಚಗಳನ್ನು ಹಿಡಿಯಲು ತಿಳಿಯದು. ಮಾಂಸವಿಲ್ಲದ ಅಡುಗೆ ಯಾವುದೆಂದು ಕೇಳಲು ಧೈರ್ಯ ಸಾಲದು. ಮನೆಯಿಂದ ತಂದಿದ್ದ ಸಿಹಿತಿಂಡಿ, ಹಣ್ಣುಗಳನ್ನೇ ತಮ್ಮ ಕೋಣೆಯಲ್ಲಿ ತಿಂದು ದಿನ ಕಳೆದರು.

ಲಂಡನ್ನಿನಲ್ಲಿ ಅವರನ್ನು ಕಾಣಲು ಡಾಕ್ಟರ್ ಪ್ರಾಣಜೀವನ ಮೆಹತಾ ಬಂದರು. ಮಾತಿನ ನಡುವೆ ಗಾಂಧೀಜಿ ಅವರ ಟೋಪಿಯನ್ನೆತ್ತಿಕೊಂಡು, ಅದರ ನುಣುಪನ್ನು ನೋಡಲೆಂದು ಕೈಯಾಡಿಸಿದರು. ಕೈ ಎದುರು ದಿಕ್ಕಿಗೆ ಹರಿದು ಟೋಪಿಯ ನವಿರು ಕೆದರಿತು. ಮೆಹತಾ ಅವರ ಮುಖದಲ್ಲಿ ಅಸಮಾಧಾನ ಮೂಡಿತು. ಆಗಲೇ ಅವರು ಮೊದಲ ಪಾಠ ಹೇಳಿದರು: ಇತರರ ವಸ್ತುಗಳನ್ನು ಮುಟ್ಟಬಾರದು, ಮೊದಲ ಭೇಟಿಯಲ್ಲಿಯೇ ಸ್ವಂತ ವಿಷಯಗಳನ್ನು ಪ್ರಶ್ನಿಸಬಾರದು, ಗಟ್ಟಿಯಾಗಿ ಮಾತನಾಡಬಾರದು. ನಮ್ಮಲ್ಲಿ ಆತ್ಮೀಯತೆಯೆನಿಸುವ ನಡತೆ ಅಲ್ಲಿ ಒರಟುತನವೆನಿಸುತ್ತಿತ್ತು. ಇಂಥ ಪಾಠವನ್ನು ಕಲಿಯುವುದರಿಂದ ಯಾರ ಗೌರವಕ್ಕೂ ಕುಂದಿಲ್ಲ.

ಆದರೆ ಊಟದ ಪ್ರಶ್ನೆ ಅಷ್ಟು ಸುಲಭವಾಗಿರಲಿಲ್ಲ. ಉಳಿದುಕೊಂಡಿದ್ದ ಮನೆಯಲ್ಲಿ ಎರಡು ಮೂರು ತುಂಡು ರೊಟ್ಟಿಗಿಂತ ಹೆಚ್ಚು ಕೇಳಲು ಸಂಕೋಚ, ಹೊಟ್ಟೆ ತುಂಬುತ್ತಿರಲಿಲ್ಲ. ದಿನವೂ ಮೈಲಿಗಟ್ಟಲೆ ಅಲೆದು, ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರದ ಉಪಾಹಾರಗೃಹವೊಂದನ್ನು ಕಂಡರು. ಅಲ್ಲಿ ಸಸ್ಯಾಹಾರವನ್ನು ಸಮರ್ಥಿಸುವ ಹೆನ್ರಿ ಸಾಲ್ಟ್ ಅವರ ಪುಸ್ತಕವೂ ದೊರೆಯಿತು. ಅದುವರೆಗೆ ತಾಯಿಗೆ ಕೊಟ್ಟ ಮಾತಾಗಿದ್ದ ವ್ರತ, ಅದನ್ನು ಓದಿದ ಮೇಲೆ ಅವರ ಸ್ವಂತ ನಂಬಿಕೆಯಾಯಿತು.

ಈ ನಂಬಿಕೆಗೆ ಪರೀಕ್ಷೆಯೂ ಬಂದಿತು. ಒಮ್ಮೆ ಮಿತ್ರರೊಬ್ಬರು ನಾಟಕಕ್ಕೆ ಮುಂಚೆ ಅವರನ್ನು ದೊಡ್ಡ ಭೋಜನಗೃಹವೊಂದಕ್ಕೆ ಕರೆದೊಯ್ದರು. ಸಾರು ಬಂದಿತು. ಅದನ್ನು ಯಾವುದರಿಂದ ಮಾಡಿದೆಯೆಂದು ಕೇಳಲು ಗಾಂಧೀಜಿ ಬಡಿಸುವವನನ್ನು ಕರೆದರು. ಸಭ್ಯರ ಪಂಕ್ತಿಯಲ್ಲಿ ಇಂಥ ವಿಚಾರಣೆ ಸಲ್ಲದೆಂದು ಮಿತ್ರರು ಸಿಟ್ಟಾದರು. ಹೊರಗೆ ಹೋಗಿ ಬೇರೆಲ್ಲಾದರೂ ಉಣ್ಣುವಂತೆ ಹೇಳಿದರು. ಗಾಂಧೀಜಿ ಸಂತೋಷದಿಂದಲೇ ಎದ್ದರು. ಹತ್ತಿರದ ಸಸ್ಯಾಹಾರದ ಉಪಾಹಾರಗೃಹ ಮುಚ್ಚಿತ್ತು. ಆ ರಾತ್ರಿ ಉಪವಾಸವೇ ಗತಿಯಾಯಿತು. ಆದರೂ ಮಿತ್ರರೊಡನೆ ನಾಟಕಕ್ಕೆ ಹೋದರು. ವ್ರತವೂ ಉಳಿಯಿತು, ಸ್ನೇಹವೂ ಉಳಿಯಿತು.

ಮಿತ್ರರ ಮನಸ್ಸಿಗೆ ಸಮಾಧಾನವಾಗಲೆಂದು ಅವರು ಅಪ್ಪಟ ಆಂಗ್ಲ ಸಭ್ಯನಾಗಲು ಹೊರಟರು. ಹತ್ತು ಪೌಂಡ್ ಬೆಲೆಯ ಉಡುಪು, ಹತ್ತೊಂಬತ್ತು ಷಿಲಿಂಗಿನ ಟೋಪಿ, ನೃತ್ಯ, ಪಿಟೀಲು, ಭಾಷಣಕಲೆಯ ಪಾಠ ಎಲ್ಲವೂ ಮೊದಲಾದವು. ಈ ಮೋಹ ಸುಮಾರು ಮೂರು ತಿಂಗಳು ನಡೆಯಿತು. ತಾನು ವಿದ್ಯೆಗಾಗಿ ಬಂದವನೆಂಬ ಎಚ್ಚರ ಮೂಡಿದಾಗ ಪಿಟೀಲನ್ನು ಮಾರಿದರು, ಪಾಠಗಳನ್ನು ನಿಲ್ಲಿಸಿದರು. ಆದರೆ ಉಡುಪಿನ ಅಚ್ಚುಕಟ್ಟನ್ನು ಬಿಡಲಿಲ್ಲ.

ಅವರು ಕಾನೂನು ಓದುತ್ತಿದ್ದ ಇನ್ನರ್ ಟೆಂಪಲ್‌ನಲ್ಲಿ ವಿಚಿತ್ರವಾದ ನಿಯಮವೊಂದಿತ್ತು. ಬ್ಯಾರಿಸ್ಟರ್ ಆಗಬಯಸುವವನು ಪ್ರತಿಯೊಂದು ಅವಧಿಯಲ್ಲಿಯೂ ಗೊತ್ತಾದಷ್ಟು ಔತಣಗಳಿಗೆ ಹಾಜರಾಗಲೇಬೇಕು! ಗಾಂಧೀಜಿ ತಪ್ಪದೆ ಹೋದರು. ನಾಲ್ವರಿಗೆ ಎರಡು ಬಾಟಲಿ ದ್ರಾಕ್ಷಾರಸ ಕೊಡುವ ಪದ್ಧತಿಯಿತ್ತು. ಕುಡಿಯದ ಗಾಂಧೀಜಿ ತಮ್ಮ ಮೇಜಿಗೆ ಬಂದರೆ ಉಳಿದ ಮೂವರಿಗೆ ಹೆಚ್ಚು ಪಾಲು ಸಿಕ್ಕೀತೆಂದು ಎಲ್ಲರೂ ಅವರನ್ನು ಕರೆಯುವವರೇ! ಮುಂದೆ ಸಸ್ಯಾಹಾರಿಯಾದ ಪಾರಸಿ ವಿದ್ಯಾರ್ಥಿಯೊಬ್ಬನೂ ಗಾಂಧೀಜಿಯೂ ಸಸ್ಯಾಹಾರಕ್ಕಾಗಿ ಮನವಿ ಸಲ್ಲಿಸಿದರು. ಅದು ಮಂಜೂರಾಗಿ, ಇಬ್ಬರಿಗೂ ಹಣ್ಣು ತರಕಾರಿಗಳು ದೊರೆತವು. ನಿಯಮವನ್ನು ಮುರಿಯದೆ, ವಿನಯದಿಂದ ಕೇಳಿ ಪಡೆದ ಮಾರ್ಪಾಡು ಇದು.

1891ರ ಜೂನ್ ತಿಂಗಳಲ್ಲಿ ಅವರು ಬ್ಯಾರಿಸ್ಟರ್ ಆಗಿ ಸ್ವದೇಶಕ್ಕೆ ಹೊರಟರು. ಈ ಮೂರು ವರ್ಷಗಳ ಬಾಳನ್ನು ನೋಡಿದರೆ ಒಂದು ವಿವೇಕ ಸ್ಪಷ್ಟವಾಗುತ್ತದೆ. ಪರರ ಮನ ನೋಯದಂತೆ ನಡೆಯಲು ಬೇಕಾದ ಮರ್ಯಾದೆಯನ್ನು ಕಲಿಯಬೇಕು. ನೆಲದ ನಿಯಮವನ್ನು ಪಾಲಿಸಬೇಕು. ಬರಿಯ ಅನುಕರಣೆಗೆ ಹಣವನ್ನೂ ಕಾಲವನ್ನೂ ತೆರಬಾರದು. ಅಂತಃಸಾಕ್ಷಿಗೆ ಸೇರಿದುದನ್ನು ಮಾತ್ರ, ಹಸಿದಿರಬೇಕಾಗಿ ಬಂದರೂ, ಬಿಟ್ಟುಕೊಡಬಾರದು.