ಓಲೆಯ ಕಟ್ಟಿನಿಂದ ದತ್ತಸಂಚಯದವರೆಗೆ: ಶಾಲಾ ದಾಖಲೆಗಳ ಜೋಡಣೆಯಲ್ಲಿ ಪ್ರಾರಂಭಿಕರಿಗೊಂದು ಪಾಠ

ಸಂಗ್ರಹಿಸುವುದು ಒಂದು ವಿದ್ಯೆ. ಸಂಗ್ರಹಿಸಿದುದು ಬೇಕಾದಾಗ ಕೈಗೆ ದೊರೆಯುವಂತೆ ಇರಿಸುವುದು ಮತ್ತೊಂದು ವಿದ್ಯೆ. ಮೊದಲನೆಯದರಲ್ಲಿ ನಮ್ಮ ನಾಡು ಎಂದೂ ಹಿಂದುಳಿದುದಿಲ್ಲ. ಮಠಗಳ ಗವಾಕ್ಷಗಳಲ್ಲಿ, ಅಟ್ಟಗಳ ಮೇಲೆ, ದೇವರ ಜಗಲಿಗಳಲ್ಲಿ ಓಲೆಯ ಕಟ್ಟುಗಳು ಶತಮಾನಗಳ ಕಾಲ ಉಳಿದುಬಂದವು. ಆದರೆ ಯಾವ ಕಟ್ಟಿನಲ್ಲಿ ಏನಿದೆ ಎಂಬುದು ತಿಳಿಯದೆ ಹೋದಾಗ ಇದ್ದ ಗ್ರಂಥವೂ ಇಲ್ಲದುದಕ್ಕೆ ಸಮಾನವಾಯಿತು.

ಫ. ಗು. ಹಳಕಟ್ಟಿಯವರು (1880–1964) ವಕೀಲ ವೃತ್ತಿಯಲ್ಲಿದ್ದೂ ಮನೆ ಮನೆಗೆ ತಿರುಗಿ ಓಲೆಗಳನ್ನು ಕಲೆಹಾಕಿ, ಪ್ರತಿ ಮಾಡಿ, ವಿಂಗಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವನ್ನು ಹೊರತಂದರು. ಅವರ ಕಾರ್ಯದಲ್ಲಿ ಸಂಗ್ರಹದಷ್ಟೇ ವಿಂಗಡಣೆಗೂ ಬೆಲೆಯಿತ್ತು. ಮುಂದೆ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಗದುಗಿನ ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆಯು 2018ರಲ್ಲಿ ಲಿಂಗೈಕ್ಯರಾದ ಶ್ರೀ ಸಿದ್ಧಲಿಂಗ ಸ್ವಾಮಿಗಳ ಆಶ್ರಯದಲ್ಲಿ ಇದೇ ಪರಂಪರೆಯನ್ನು ಪುಸ್ತಕ ಪ್ರಕಟಣೆಯ ಮೂಲಕ ಬೆಳೆಸಿತು. 2010ರ ದಶಕದಲ್ಲಿ ರೂಪುಗೊಂಡ ‘ವಚನ ಸಂಚಯ’ವು ಸುಮಾರು 21 ಸಾವಿರ ವಚನಗಳನ್ನು ಗಣಕಯಂತ್ರಕ್ಕೆ ಅಳವಡಿಸಿ, ಒಂದು ಪದವು ಯಾರ ಯಾರ ವಚನಗಳಲ್ಲಿ ಬಂದಿದೆ ಎಂಬುದನ್ನು ಕ್ಷಣಮಾತ್ರದಲ್ಲಿ ತೋರಿಸುವಂತೆ ಮಾಡಿತು. ಇಂಥ ಜೋಡಣೆಗೆ ಡೇಟಾಬೇಸ್ ಎಂದು ಹೆಸರು. ಕನ್ನಡದಲ್ಲಿ ದತ್ತಸಂಚಯ ಎನ್ನಬಹುದು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳೆಯ ಶಾಲೆಗಳಲ್ಲಿ ದಾಖಲಾತಿ ರಜಿಸ್ಟರುಗಳು, ದಾನಿಗಳ ವಹಿಗಳು, ಗ್ರಂಥಾಲಯದ ಯಾದಿಗಳು ರಾಶಿಯಾಗಿವೆ. ಎಪ್ಪತ್ತು ವರ್ಷ ವಯಸ್ಸಿನ ಹಳೆಯ ವಿದ್ಯಾರ್ಥಿಯೊಬ್ಬನು ಪಿಂಚಣಿಯ ಕಾಗದಕ್ಕಾಗಿ ತನ್ನ ಜನ್ಮದಿನಾಂಕವನ್ನು ಕೇಳಿಕೊಂಡು ಶಾಲೆಯ ಬಾಗಿಲಿಗೆ ಬಂದನೆಂದು ಭಾವಿಸೋಣ. ರಜಿಸ್ಟರು ಇದೆ, ಪುಟವೂ ಇದೆ. ಹುಡುಕಲು ಮಾತ್ರ ಆಗುವುದಿಲ್ಲ. ಆತನು ಬರಿಗೈಯಲ್ಲಿ ಹಿಂದಿರುಗುವನು. ಆದುದರಿಂದ ದತ್ತಸಂಚಯದ ರಚನೆಯನ್ನು ಶಿಕ್ಷಕರು ಯಂತ್ರಜ್ಞರಿಗಷ್ಟೇ ಬಿಟ್ಟುಬಿಡದೆ ತಾವೂ ಅರಿಯುವುದು ಅವಶ್ಯ.

1. ಕೀರ್ದಿ ಮತ್ತು ಖತಾವಣಿ

ಈ ವಿದ್ಯೆಯ ತತ್ತ್ವವು ನಮ್ಮ ಪೇಟೆಯ ಜನರಿಗೆ ಹೊಸತಲ್ಲ. ಗದುಗಿನ ದಲಾಲಿ ಅಂಗಡಿಯ ಗುಮಾಸ್ತನು ದಿನದ ವ್ಯವಹಾರವನ್ನು ಕೀರ್ದಿಯಲ್ಲಿ ಬರೆಯುತ್ತಾನೆ. ಪ್ರತಿಯೊಬ್ಬ ಗಿರಾಕಿಗೂ ಖತಾವಣಿಯಲ್ಲಿ ಒಂದು ಪುಟವಿರುತ್ತದೆ. ಕೀರ್ದಿಯಲ್ಲಿ ಗಿರಾಕಿಯ ಊರು, ಮನೆತನಗಳನ್ನು ಪ್ರತಿಸಾರಿ ಬರೆಯುವುದಿಲ್ಲ. ಖತಾವಣಿಯ ಪುಟಸಂಖ್ಯೆಯನ್ನು ಮಾತ್ರ ಸೂಚಿಸಿದರೆ ಸಾಕು. ಇ. ಎಫ್. ಕಾಡ್ ಎಂಬ ವಿದ್ವಾಂಸನು 1970ರಲ್ಲಿ ಪ್ರತಿಪಾದಿಸಿದ ಸಂಬಂಧಾತ್ಮಕ ದತ್ತಸಂಚಯವನ್ನು ಅರಿಯಲು ಈ ದೃಷ್ಟಾಂತವೇ ಸಾಕು. ಒಂದು ಬಗೆಯ ವಸ್ತುವಿಗೆ ಒಂದು ಕೋಷ್ಟಕ. ಒಂದು ವಸ್ತುವಿಗೆ ಒಂದು ಸಾಲು. ಪ್ರತಿಯೊಂದು ಸಾಲಿಗೂ ಬದಲಾಗದ ಒಂದು ಸಂಖ್ಯೆ. ಇನ್ನೊಂದು ಕೋಷ್ಟಕದಲ್ಲಿ ಆ ವಸ್ತುವನ್ನು ಹೇಳಬೇಕಾದಾಗ ಆ ಸಂಖ್ಯೆಯ ಉಲ್ಲೇಖ ಮಾತ್ರ.

ಶಾಲೆಯ ಮಟ್ಟಿಗೆ ವಿದ್ಯಾರ್ಥಿಗಳದೊಂದು, ಗ್ರಾಮಗಳದೊಂದು, ದಾನಿಗಳದೊಂದು, ದಾನಗಳದೊಂದು ಎಂದು ನಾಲ್ಕು ಕೋಷ್ಟಕಗಳಿದ್ದರೆ ಪ್ರಾರಂಭಕ್ಕೆ ಸಾಕು. ಒಬ್ಬ ದಾನಿಯು ಹತ್ತು ಬಾರಿ ದಾನ ಮಾಡಿದರೆ ದಾನಗಳ ಕೋಷ್ಟಕದಲ್ಲಿ ಹತ್ತು ಸಾಲು, ದಾನಿಗಳ ಕೋಷ್ಟಕದಲ್ಲಿ ಒಂದೇ ಸಾಲು. ಹೀಗಲ್ಲದೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಒಬ್ಬರೇ ದಾನಿಯ ಹೆಸರು ಹತ್ತು ಬಗೆಯ ಕಾಗುಣಿತದಲ್ಲಿ ಬಂದು, ಒಬ್ಬರೇ ಹತ್ತು ಜನರಾಗುವರು.

2. ಅಂಕಿತವು ಸಂಖ್ಯೆಯಲ್ಲ

ಹೆಸರೇ ಇರುವಾಗ ಸಂಖ್ಯೆಯೇಕೆ ಎಂಬ ಶಂಕೆ ಪ್ರಾರಂಭಿಕರಿಗೆ ಸಹಜ. ವಚನಸಾಹಿತ್ಯವೇ ಇದಕ್ಕೆ ಸಮಾಧಾನ ಹೇಳುತ್ತದೆ. ವಚನಕಾರನನ್ನು ಗುರುತಿಸಲು ಅಂಕಿತವು ಸಾಧನವೆಂಬುದು ನಿಜ. ಆದರೆ ಸಿದ್ಧರಾಮನ ವಚನಗಳಲ್ಲಿ ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ರೂಪವೂ ಕಪಿಲಸಿದ್ಧಮಲ್ಲಿನಾಥ ಎಂಬ ರೂಪವೂ ಬರುತ್ತವೆ. ಅಂಕಿತವನ್ನೇ ಗುರುತಾಗಿ ಹಿಡಿದರೆ ಒಬ್ಬ ಸಿದ್ಧರಾಮನು ಇಬ್ಬರಾಗುವನು. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ‘ಅಮರೇಶ್ವರಲಿಂಗ ಎಂಬುದನ್ನು ಒಳಗೊಂಡವು’ ಎಂದು ಹುಡುಕಿದರೆ ದಂಪತಿಗಳಿಬ್ಬರ ವಚನಗಳೂ ಬೆರೆತು ಬರುವುವು. ಆದುದರಿಂದ ವಚನಕಾರರಿಗೆ ಒಂದು ಸಂಖ್ಯೆ ಕೊಟ್ಟು, ಅಂಕಿತಗಳನ್ನು ಬೇರೆ ಕೋಷ್ಟಕದಲ್ಲಿರಿಸಿ ಆ ಸಂಖ್ಯೆಗೆ ಜೋಡಿಸುವುದೇ ಸರಿಯಾದ ಕ್ರಮ. ಒಂದೇ ತರಗತಿಯಲ್ಲಿ ಮೂವರು ಬಸವರಾಜರಿರುವ ಶಾಲೆಗೂ ಇದೇ ನ್ಯಾಯ ಅನ್ವಯಿಸುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಲಿಂಗಮ್ಮನನ್ನು ಹಸ್ತಪ್ರತಿಗಳ ಪರಂಪರೆಯು ಹಡಪದ ಅಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ ಎಂದು ಕರೆಯುತ್ತದೆ. ಈ ಇಡೀ ಹೆಸರನ್ನು ಒಂದೇ ಮನೆಯಲ್ಲಿ ತುಂಬಿ ಅಕಾರಾದಿಯಾಗಿ ಜೋಡಿಸಿದರೆ ಆಕೆ ಹಕಾರದಲ್ಲಿ ಪತಿಯ ಹೆಸರಿನಡಿಯಲ್ಲಿ ಮರೆಯಾಗುವಳು. ಲಕಾರದಲ್ಲಿ ಹುಡುಕುವವನಿಗೆ ಕಾಣಳು. ನಿಜನಾಮಕ್ಕೆ ಒಂದು ಮನೆ, ವಿಶೇಷಣಕ್ಕೆ ಒಂದು ಮನೆ, ಸಂಬಂಧಕ್ಕೆ ಒಂದು ಮನೆ ಇರಬೇಕು. ಶಾಲೆಯ ದಾನಿಗಳ ವಹಿಯಲ್ಲಿಯೂ ‘ಇಂಥವರ ಧರ್ಮಪತ್ನಿ’ ಎಂದಷ್ಟೇ ಬರೆಯಲ್ಪಟ್ಟ ತಾಯಂದಿರು ಇರಬಹುದು. ಅವರ ಹೆಸರುಗಳನ್ನು ಕೇಳಿ ತಿಳಿದು ತುಂಬುವುದು ಅವರ ದಾಸೋಹಕ್ಕೆ ಸಲ್ಲಬೇಕಾದ ಗೌರವ.

3. ಊರು ಮತ್ತು ಕಾಲ

ಊರಿನ ಹೆಸರು ಸ್ಥಿರವೆಂದು ತೋರಿದರೂ ಅದರ ಆಡಳಿತ ಸ್ಥಿರವಲ್ಲ. ಸ್ವಾತಂತ್ರ್ಯಪೂರ್ವದಲ್ಲಿ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಗದಗ ಮತ್ತು ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಶಿರಹಟ್ಟಿ ತಾಲೂಕಿನಲ್ಲಿದ್ದ ಲಕ್ಷ್ಮೇಶ್ವರವು ಈಚೆಗೆ ತಾನೇ ತಾಲೂಕಾಯಿತು. ಶಾಸನಗಳಲ್ಲಿ ಅದೇ ಊರು ಪುಲಿಗೆರೆ. ಪ್ರತಿ ವಿದ್ಯಾರ್ಥಿಯ ಸಾಲಿನಲ್ಲಿಯೂ ತಾಲೂಕು, ಜಿಲ್ಲೆಗಳನ್ನು ಬರೆದಿದ್ದರೆ ಇಂಥ ಬದಲಾವಣೆಯಾದಾಗಲೆಲ್ಲ ಸಾವಿರಾರು ಸಾಲುಗಳನ್ನು ತಿದ್ದಬೇಕಾಗುವುದು. ಗ್ರಾಮಗಳ ಕೋಷ್ಟಕ ಬೇರೆಯಿದ್ದರೆ ಒಂದೇ ಸಾಲನ್ನು ತಿದ್ದಿದರೆ ಸಾಕು.

ತೇದಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಳೆಯ ವಹಿಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇರುವುದುಂಟು. ಸಂವತ್ಸರಚಕ್ರವು 60 ವರ್ಷಗಳಿಗೊಮ್ಮೆ ಮರಳುವುದರಿಂದ ಕ್ರೋಧಿ ಎಂದರೆ 1904–05, 1964–65, 2024–25 ಇವುಗಳಲ್ಲಿ ಯಾವುದಾದರೂ ಆಗಬಹುದು. ಆದುದರಿಂದ ಮೂಲದಲ್ಲಿದ್ದುದನ್ನು ಇದ್ದಂತೆಯೇ ಒಂದು ಮನೆಯಲ್ಲಿಯೂ, ನಿರ್ಣಯಿಸಿದ ತೇದಿಯನ್ನು ಇನ್ನೊಂದು ಮನೆಯಲ್ಲಿಯೂ ಬರೆಯತಕ್ಕದ್ದು. ಪಾಠವೂ ಪಾಠನಿರ್ಣಯವೂ ಬೇರೆ ಬೇರೆ ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಹಾಗೆಯೇ ದಾಖಲಾತಿ ಸಂಖ್ಯೆಯನ್ನು ಅಕ್ಷರರೂಪದಲ್ಲಿಯೇ ಇಡಬೇಕು. 5-62 ಎಂಬ ಸಂಖ್ಯೆಯನ್ನು ಎಕ್ಸೆಲ್ ಹಾಳೆಯು ಮೇ ತಿಂಗಳೆಂದು ತಿಳಿದು, ಕೇಳದೆಯೇ ತೇದಿಯಾಗಿ ಮಾರ್ಪಡಿಸಿಬಿಡುತ್ತದೆ.

4. ಲಿಪಿಯ ತೊಡಕು

ಕನ್ನಡದಲ್ಲಿ ತುಂಬಿದ ಮಾಹಿತಿಯು ಹುಡುಕಿದಾಗ ಸಿಗದಿದ್ದರೆ ಮೂರು ಕಾರಣಗಳನ್ನು ಮೊದಲು ಪರೀಕ್ಷಿಸಬೇಕು. ಮೊದಲನೆಯದು, ಹಳೆಯ ನುಡಿ, ಬರಹ, ಶ್ರೀಲಿಪಿ ಅಕ್ಷರಗಳಲ್ಲಿ ಬೆರಳಚ್ಚಾದ ಬರಹ. ಅದು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಗೊಂದಲ. ಅದನ್ನು ಯುನಿಕೋಡಿಗೆ ಪರಿವರ್ತಿಸಿದ ಬಳಿಕವೇ ಒಳಸೇರಿಸಬೇಕು. ಎರಡನೆಯದು, ಅನುಸ್ವಾರದ ಸ್ಥಾನದಲ್ಲಿ ಸೊನ್ನೆಯ ಅಂಕಿ. ‘ಲಿಂಗಮ್ಮ’ ಎಂಬಲ್ಲಿ ಬಿಂದುವಿಗೆ ಬದಲಾಗಿ ಕನ್ನಡದ ಸೊನ್ನೆಯನ್ನೊತ್ತಿದರೆ ನೋಟಕ್ಕೆ ಭೇದವಿಲ್ಲ. ಯಂತ್ರಕ್ಕೆ ಅದು ಬೇರೆಯೇ ಶಬ್ದ. ಮೂರನೆಯದು, ಚನ್ನ ಮತ್ತು ಚೆನ್ನ ಎಂಬಂಥ ರೂಪಭೇದ. ಇದಕ್ಕೆ ಪರ್ಯಾಯ ರೂಪಗಳ ಒಂದು ಮನೆಯೇ ಪರಿಹಾರ. ಮೈಎಸ್‌ಕ್ಯೂಎಲ್ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಲ್ಯಾಟಿನ್ ಲಿಪಿಯೇ ಮೊದಲಿನಿಂದ ನಿಗದಿಯಾಗಿರುತ್ತಿದ್ದುದರಿಂದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬೀಳುತ್ತಿತ್ತು. ಹಾಗೆ ಬಿದ್ದುದನ್ನು ಮರಳಿ ಪಡೆಯಲಾಗದು. ಮೊದಲು ಹತ್ತು ಸಾಲು ತುಂಬಿ, ಓದಿ ನೋಡಿ, ಅನಂತರವೇ ಸಾವಿರಕ್ಕೆ ಕೈಹಾಕಬೇಕು. ಒಂದೇ ಗಣಕಯಂತ್ರದಲ್ಲಿ ನಡೆಯುವ ಕೆಲಸಕ್ಕೆ ಲಿಬ್ರೆಆಫೀಸ್ ಬೇಸ್ ಅಥವಾ ಎಸ್‌ಕ್ಯೂಲೈಟ್ ಸಾಕು. ಇವೆರಡೂ ಬೆಲೆಯಿಲ್ಲದೆ ದೊರೆಯುತ್ತವೆ.

5. ಆಜ್ಞೆ ಮತ್ತು ಎಚ್ಚರ

ದತ್ತಸಂಚಯದೊಡನೆ ಮಾತನಾಡುವ ಭಾಷೆಗೆ ಎಸ್‌ಕ್ಯೂಎಲ್ ಎಂದು ಹೆಸರು. ಸೆಲೆಕ್ಟ್ ಎಂದರೆ ತೋರಿಸು, ಅಪ್‌ಡೇಟ್ ಎಂದರೆ ತಿದ್ದು, ಡಿಲೀಟ್ ಎಂದರೆ ಅಳಿಸು. ಯಾವ ಸಾಲುಗಳನ್ನು ಎಂಬ ನಿಬಂಧನೆಯನ್ನು ವ್ಹೇರ್ ಎಂಬ ಪದ ಸೂಚಿಸುತ್ತದೆ. ಈ ಪದ ಮರೆತರೆ ಅನರ್ಥ. ಒಬ್ಬ ವಿದ್ಯಾರ್ಥಿಯ ಜನ್ಮದಿನಾಂಕವನ್ನು ತಿದ್ದಲು ಹೊರಟವನು ನಿಬಂಧನೆಯಿಲ್ಲದೆ ಆಜ್ಞೆ ಕೊಟ್ಟರೆ ಶಾಲೆಯ ಸಮಸ್ತ ವಿದ್ಯಾರ್ಥಿಗಳೂ ಒಂದೇ ದಿನ ಹುಟ್ಟಿದವರಾಗುವರು. ಆದುದರಿಂದ ಅದೇ ನಿಬಂಧನೆಯಿಂದ ಮೊದಲು ಸೆಲೆಕ್ಟ್ ನಡೆಸಿ, ಎಷ್ಟು ಸಾಲು ಬರುತ್ತವೆಂದು ನೋಡಬೇಕು. ಅನಂತರ ವ್ಯವಹಾರವನ್ನು ಬಿಗಿನ್ ಎಂದು ಆರಂಭಿಸಿ, ತಿದ್ದಿ, ಪರೀಕ್ಷಿಸಿ, ಸರಿಯಿದ್ದರೆ ಕಮಿಟ್, ತಪ್ಪಿದ್ದರೆ ರೋಲ್‌ಬ್ಯಾಕ್ ಎನ್ನಬೇಕು.

6. ಕೇಳುವ ಕ್ರಮ

ಕಲಿಯುವವನಿಗೆ ತಪ್ಪು ಲಜ್ಜೆಯಲ್ಲ, ಕೇಳದಿರುವುದೇ ಲಜ್ಜೆ. ಆದರೆ ‘ಕೆಲಸ ಮಾಡುತ್ತಿಲ್ಲ’ ಎಂಬ ಒಂದೇ ಮಾತಿನಿಂದ ಯಾವ ಬಲ್ಲವನೂ ಉತ್ತರ ಕೊಡಲಾರನು. ವೈದ್ಯನ ಬಳಿ ರೋಗಿಯು ನೋವಿನ ಸ್ಥಾನ, ಕಾಲಗಳನ್ನು ಹೇಳುವಂತೆ ಪ್ರಾರಂಭಿಕನು ನಾಲ್ಕು ಸಂಗತಿಗಳನ್ನು ಹೇಳಬೇಕು: ಕೋಷ್ಟಕಗಳ ರಚನೆ ಎಂಥದು, ಕೊಟ್ಟ ಆಜ್ಞೆ ಯಾವುದು, ಯಂತ್ರ ತೋರಿದ ಸಂದೇಶವು ಅಕ್ಷರಶಃ ಏನು, ಬರಬೇಕಾಗಿದ್ದ ಫಲ ಯಾವುದು. ಇಷ್ಟನ್ನು ಕ್ರಮವಾಗಿ ಬರೆಯುವಾಗಲೇ ಅರ್ಧದಷ್ಟು ಸಂಶಯಗಳು ತಾವಾಗಿ ಬಿಡಿಸಿಕೊಳ್ಳುವುದುಂಟು. ಪರರಿಗೆ ಮಾದರಿ ಕಳುಹಿಸುವಾಗ ನಿಜವಾದ ವಿದ್ಯಾರ್ಥಿಗಳ ವಿವರವನ್ನು ಕಳುಹಿಸದೆ ಕಲ್ಪಿತ ಹೆಸರುಗಳನ್ನು ತುಂಬಿ ಕಳುಹಿಸಬೇಕು. ಉತ್ತರ ಹೇಳುವವನಿಗೂ ಒಂದು ಧರ್ಮವಿದೆ: ತಾನೇ ಕುಳಿತು ಸರಿಪಡಿಸಿ ಎದ್ದುಹೋಗದೆ, ಕೇಳಿದವನ ಕೈಯಿಂದಲೇ ಮಾಡಿಸಬೇಕು. ಹಾಗಲ್ಲದಿದ್ದರೆ ಆ ಒಬ್ಬನು ವರ್ಗವಾಗಿ ಹೋದ ದಿನ ದತ್ತಸಂಚಯವೂ ಬೀಗ ಬಿದ್ದ ಪೆಟ್ಟಿಗೆಯಾಗುವುದು.

7. ಪ್ರತಿಯೂ ಮಿತಿಯೂ

ಒಂದು ಕೃತಿಯ ಪ್ರತಿಗಳು ಹಲವು ಮಠಗಳಲ್ಲಿದ್ದುದರಿಂದಲೇ ಒಂದೆಡೆ ಗೆದ್ದಲು ಹಿಡಿದ ಗ್ರಂಥವು ಇನ್ನೊಂದೆಡೆ ಉಳಿಯಿತು. ಈ ಬುದ್ಧಿವಂತಿಕೆಯನ್ನು ಗಣಕಯುಗದಲ್ಲಿಯೂ ಬಿಡಲಾಗದು. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಶಾಲೆಯಿಂದ ದೂರದಲ್ಲಿರಲಿ. ತಿಂಗಳಿಗೊಮ್ಮೆ ಪ್ರತಿಯಿಂದ ಮಾಹಿತಿ ಮರಳಿ ತೆರೆಯುವುದೇ ಎಂದು ಪರೀಕ್ಷಿಸಲಿ. ತೆರೆದು ನೋಡದ ಪ್ರತಿಯನ್ನು ನಂಬುವಂತಿಲ್ಲ. ಕಾಗದದ ರಜಿಸ್ಟರನ್ನಂತೂ ಎಂದಿಗೂ ತ್ಯಜಿಸಬಾರದು. ಪ್ರಮಾಣವು ಅದೇ, ದತ್ತಸಂಚಯವು ಅದಕ್ಕೆ ದಾರಿ ತೋರುವ ಕೈದೀಪ. ಪ್ರತಿ ಸಾಲಿನಲ್ಲಿಯೂ ರಜಿಸ್ಟರಿನ ಸಂಪುಟ, ಪುಟಗಳ ಉಲ್ಲೇಖ ಇರತಕ್ಕದ್ದು.

ಹಾಗೆಯೇ, ಬೇಡವಾದುದನ್ನು ಸಂಗ್ರಹಿಸದಿರುವುದೂ ಸಂಗ್ರಹಧರ್ಮವೇ. ಆಧಾರ್ ಸಂಖ್ಯೆ, ಮನೆಯ ಕಷ್ಟ, ರೋಗದ ವಿವರ ಇವು ಹಳೆಯ ವಿದ್ಯಾರ್ಥಿಗಳ ಯಾದಿಗೆ ಬೇಕಾಗಿಲ್ಲ. ವ್ಯಕ್ತಿಗತ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾಯಿದೆಯನ್ನೇ ಅಂಗೀಕರಿಸಿದೆ. ಕಾಯಿದೆಗಿಂತ ಮೊದಲೇ, ನಂಬಿ ಕೊಟ್ಟವರ ನಂಬಿಕೆಯನ್ನು ಕಾಯಬೇಕಾದುದು ಶಾಲೆಯ ಧರ್ಮ.

ಈ ಕಾರ್ಯಕ್ಕೆ ಬೇಕಾದ ಸಂಪತ್ತು ಅಲ್ಪ, ತಾಳ್ಮೆ ಅಧಿಕ. ದಾನಿಗಳು ಒಂದು ಯಂತ್ರವನ್ನೂ, ಹಳೆಯ ವಿದ್ಯಾರ್ಥಿಗಳು ವಾರಕ್ಕೆ ಒಂದು ಗಂಟೆಯನ್ನೂ, ಶಿಕ್ಷಕರು ದಿನಕ್ಕೆ ಇಪ್ಪತ್ತು ಸಾಲುಗಳನ್ನೂ ಕೊಟ್ಟರೆ ಒಂದು ವರ್ಷದ 200 ಶಾಲಾದಿನಗಳಲ್ಲಿ ಒಬ್ಬನೇ 4,000 ಹೆಸರುಗಳನ್ನು ಬೆಳಕಿಗೆ ತರಬಲ್ಲನು. ಅವುಗಳಲ್ಲಿ ಒಂದು ಹೆಸರು, ಪಿಂಚಣಿಯ ಕಾಗದ ಹಿಡಿದು ಬಾಗಿಲಲ್ಲಿ ನಿಂತ ಆ ವೃದ್ಧನದಾಗಿದ್ದರೆ ಕೈಕೊಂಡ ಕಾಯಕವು ಸಾರ್ಥಕವಾದಂತೆ.